ಅರ್ಧ ರ‍್ಯಾಂಕ್ ಪಿಯು ಪೇಪರ್‌ನಲ್ಲೇ ಇದೆ!



ಮೊನ್ನೆ ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಒಬ್ಬ ತಂದೆ ಕರೆ ಮಾಡಿದ್ರು. ಎರಡು ಎಕರೆ ರೈತ. ಮಗ ಸೆಕೆಂಡ್ ಪಿಯು ಸೈನ್ಸ್. "ಸಾರ್, ಸಾಲ ಮಾಡಿ ಹಾಸ್ಟೆಲ್ ಇರೋ ಕಾಲೇಜಿಗೆ ಹಾಕಿದೀನಿ. ಬೋರ್ಡ್ ಎಕ್ಸಾಮು ಹೆಂಗೋ ಪಾಸಾದ್ರೆ ಸಾಕು, ಸಿಇಟಿನೇ ಮುಖ್ಯ ಅಂತಾರೆ. ಲ್ಯಾಬಿಗೂ ನೆಟ್ಟಗೆ ಕಳಿಸ್ತಿಲ್ಲ. ಇದು ಸರಿನಾ ಸಾರ್?" ಅಂದ್ರು.

ಹುಡುಗನಿಗೆ ಬೇಕಿರೋದು ಎಂಜಿನಿಯರಿಂಗ್. ಹಾಗಾದ್ರೆ ಸರಿಯಲ್ಲ ಸ್ವಾಮಿ, ಖಂಡಿತಾ ಸರಿಯಲ್ಲ.

ಎಂಜಿನಿಯರಿಂಗ್ ರ‍್ಯಾಂಕ್ ಕೊಡುವಾಗ ಸಿಇಟಿ ಅಂಕ ಅರ್ಧ, ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕ ಇನ್ನರ್ಧ. ಲೆಕ್ಕ ಹಾಕೋಣ ಬನ್ನಿ. ಒಬ್ಬ ಹುಡುಗಿ ಪಿಯುನಲ್ಲಿ ಈ ಮೂರು ವಿಷಯಕ್ಕೆ 300ಕ್ಕೆ 285 ತೆಗೆದಳು, ಸಿಇಟಿಯಲ್ಲಿ 180ಕ್ಕೆ 72 ಮಾತ್ರ. ಇನ್ನೊಬ್ಬ ಹುಡುಗ ಸಿಇಟಿಯಲ್ಲಿ 108 ಬಾರಿಸಿದ, ಆದರೆ ಪಿಯುನಲ್ಲಿ 210. ಯಾರು ಮುಂದೆ? ಹುಡುಗಿ! ಅವಳದ್ದು 67.5, ಅವನದ್ದು 65. ಸಿಇಟಿಯಲ್ಲಿ 36 ಅಂಕ ಹೆಚ್ಚು ತೆಗೆದವನು ಹಿಂದೆ ಬಿದ್ದ.

ಇದು ಕಾಗದದ ಲೆಕ್ಕ ಅಂತೀರಾ? 2021 ನೆನಪಿಸಿಕೊಳ್ಳಿ. ಕೊರೊನಾ ಅಂತ ಆ ವರ್ಷ ಸೆಕೆಂಡ್ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಆ ಬ್ಯಾಚಿನ ಮಕ್ಕಳು ಮರುವರ್ಷ ಮತ್ತೆ ಸಿಇಟಿ ಬರೆದಾಗ, ನಿಮ್ಮ ಪಿಯು ಅಂಕ ಪರಿಗಣಿಸಲ್ಲ ಅಂದುಬಿಟ್ರು. ರ‍್ಯಾಂಕ್ ಪಾತಾಳಕ್ಕೆ ಹೋಯ್ತು. ಮಕ್ಕಳು ಬೀದಿಗಿಳಿದರು, ಹೈಕೋರ್ಟ್ ಮೆಟ್ಟಿಲು ಹತ್ತಿದರು. ಆ ಅರ್ಧಕ್ಕೆ ಎಷ್ಟು ಬೆಲೆ ಅಂತ ಆ ಮಕ್ಕಳನ್ನು ಕೇಳಬೇಕು.

ಮೆಡಿಕಲ್ ಕತೆ ಬೇರೆ. ಅಲ್ಲಿ ರ‍್ಯಾಂಕ್ ಪೂರ್ತಿ ನೀಟ್‌ನದ್ದು, ಪಿಯುನಲ್ಲಿ ನಿಗದಿತ ಕನಿಷ್ಠ ಅಂಕ ಇದ್ದರಾಯ್ತು. ಕಾಮೆಡ್-ಕೆ ಕೂಡ ಅದರ ಪರೀಕ್ಷೆಯ ಮೇಲೆಯೇ. ಕೆಲವು ಕಾಲೇಜುಗಳು ಈ ಎಲ್ಲ ಮಕ್ಕಳನ್ನೂ ಒಂದೇ ಗಾಣಕ್ಕೆ ಹಾಕ್ತಿವೆ, ಸಮಸ್ಯೆ ಇರೋದೇ ಅಲ್ಲಿ. ಯಾಕಂದ್ರೆ ಊರ ಸರ್ಕಲ್‌ನಲ್ಲಿ ನಿಲ್ಲಿಸೋ ಫ್ಲೆಕ್ಸ್‌ಗೆ ಹತ್ತು ಮುಖ ಸಿಕ್ಕರೆ ಅವರಿಗೆ ಸಾಕು. ಮಿಕ್ಕವರ ಫೋಟೊ ಎಲ್ಲಿ ಸ್ವಾಮಿ?

ಇನ್ನು ಲ್ಯಾಬ್. ಫಿಸಿಕ್ಸ್‌ಗೆ 30, ಕೆಮಿಸ್ಟ್ರಿಗೆ 30 ಅಂಕ ಪ್ರಾಕ್ಟಿಕಲ್ಸ್‌ನಲ್ಲೇ ಇದೆ. ಕೈಗೆ ಬಂದ ತುತ್ತು ಅದು. ಅದನ್ನು ಬಿಟ್ಟು ಮಾಕ್ ಟೆಸ್ಟ್ ಬರೆಸೋದು ಯಾವ ಸೀಮೆಯ ಜಾಣತನ?

ಈಗ ಅಂಕ ಕಮ್ಮಿ ಬಂತು ಅಂತ ಗಾಬರಿಯಾಗಬೇಕಿಲ್ಲ. ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಉತ್ತಮ ಅಂಕ ಉಳಿಸಿಕೊಳ್ಳಬಹುದು. ಪಿಯುನೇ ಒಗ್ಗದ ಮಗುವಿಗೆ ಎಸ್ಸೆಸ್ಸೆಲ್ಸಿ ಆದಮೇಲೆ ಡಿಪ್ಲೊಮಾ ಇದೆ. ಮೂರು ವರ್ಷ ಓದಿ ಡಿಸಿಇಟಿ ಬರೆದರೆ ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಪ್ರವೇಶ. ಓದಿದ ಓದು ಪೋಲಾಗಲ್ಲ. ಇದನ್ನು ಎಷ್ಟು ಹೈಸ್ಕೂಲುಗಳಲ್ಲಿ ಬಿಡಿಸಿ ಹೇಳ್ತಾರೆ?

ಫೋನ್ ಇಡೋ ಮೊದಲು ಆ ರೈತರನ್ನ ಕೇಳಿದೆ, "ಮಗ ಹತ್ತರವರೆಗೆ ಎಲ್ಲಿ ಓದಿದ?"

"ಊರ ಸರ್ಕಾರಿ ಶಾಲೇಲೇ ಸಾರ್, ಕನ್ನಡದಲ್ಲೇ."

ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15 ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದವರಿಗೆ ಶೇ 5. ಮುಖ್ಯೋಪಾಧ್ಯಾಯರ ಪ್ರಮಾಣಪತ್ರ, ಅದಕ್ಕೆ ಬಿಇಒ ಸಹಿ ಬೇಕು. ಸಿಇಟಿ ಅರ್ಜಿಯಲ್ಲೇ ಅದನ್ನು ನಮೂದಿಸಬೇಕು. ಅವರಿಗೆ ಇದ್ಯಾವುದೂ ಗೊತ್ತೇ ಇರಲಿಲ್ಲ. ಲಕ್ಷಗಟ್ಟಲೆ ಫೀಸು ಕಟ್ಟಿಸಿಕೊಂಡ ಕಾಲೇಜು ಒಂದು ಮಾತು ಹೇಳಿರಲಿಲ್ಲ.

"ನಾಳೆನೇ ಸ್ಕೂಲಿಗೆ ಹೋಗ್ತೀನಿ ಸಾರ್" ಅಂದ್ರು.