ಲೆಕ್ಕ ಒಪ್ಪಿಸುವವರ ಜಾಣತನ



 ಸಭೆಯ ಹಣ ಎಣಿಸುವವರು, ಬರೆದಿಡುವವರು, ಖರ್ಚಿಗೆ ಸಹಿ ಹಾಕುವವರು ಇಷ್ಟು ಮಂದಿ ಈ ಸಮ್ಮೇಳನದಲ್ಲಿ ಸೇರಿರುವಂತೆ ಒಂದೇ ಕಡೆ ಸೇರುವುದು ಅಪರೂಪ. ಆದ್ದರಿಂದ ಪೀಠಿಕೆ ಬೆಳೆಸದೆ ಲೂಕನ ಸುವಾರ್ತೆಯ 16ನೇ ಅಧ್ಯಾಯಕ್ಕೆ ಬರುತ್ತೇನೆ.

ಅಲ್ಲಿರುವ ಅಪ್ರಾಮಾಣಿಕ ಪಾರುಪತ್ಯಗಾರನ ಸಾಮ್ಯವನ್ನು ಪ್ರಸಂಗಕ್ಕೆ ಆರಿಸಿಕೊಳ್ಳಲು ನಮ್ಮಲ್ಲಿ ಅನೇಕರು ಹಿಂಜರಿಯುತ್ತಾರೆ. ಧಣಿಯ ಆಸ್ತಿ ಹಾಳುಮಾಡುತ್ತಿದ್ದಾನೆಂದು ಅವನ ಮೇಲೆ ದೂರು ಬಂದಿದೆ. ಲೆಕ್ಕ ಒಪ್ಪಿಸಿ ಕೆಲಸ ಬಿಡಬೇಕೆಂದು ಆಜ್ಞೆಯಾಗಿದೆ. ಅಗೆಯಲು ಶಕ್ತಿಯಿಲ್ಲ, ಬೇಡಲು ನಾಚಿಕೆ. ಆಗ ಸಾಲಗಾರರನ್ನು ಒಬ್ಬೊಬ್ಬರಾಗಿ ಕರೆಸುತ್ತಾನೆ. 100 ಅಳತೆ ಎಣ್ಣೆಯ ಸಾಲಪತ್ರವನ್ನು ಸಾಲಗಾರನ ಕೈಗೇ ಕೊಟ್ಟು, ಬೇಗ ಕೂತು 50 ಎಂದು ಬರೆಸುತ್ತಾನೆ. ಗೋದಿಯ 100 ಅಳತೆ 80ಕ್ಕೆ ಇಳಿಯುತ್ತದೆ. ಇಷ್ಟಾದ ಮೇಲೂ ಧಣಿ ಅವನ ಜಾಣತನವನ್ನು ಮೆಚ್ಚಿಕೊಂಡನೆಂದು ಯೇಸುಸ್ವಾಮಿ ಹೇಳುತ್ತಾರೆ.

ಅವನು ಬಿಟ್ಟುಕೊಟ್ಟದ್ದು ಧರ್ಮಶಾಸ್ತ್ರ ನಿಷೇಧಿಸಿದ್ದ ಬಡ್ಡಿಯನ್ನು, ಇಲ್ಲವೇ ತನ್ನ ಪಾಲಿನ ದಲಾಲಿಯನ್ನು ಎಂದು ಕೆಲವು ವ್ಯಾಖ್ಯಾನಕಾರರು ವಾದಿಸುತ್ತಾರೆ. ಆ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ಸಾಮ್ಯ ಅವನನ್ನು ಅನ್ಯಾಯಗಾರನೆಂದೇ ಕರೆಯುತ್ತದೆ. ಅಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತನೆಂಬ ಬೋಧನೆ ಅದರ ಹಿಂದೆಯೇ ಬರುತ್ತದೆ. ಮೋಸಕ್ಕೆ ಅಲ್ಲಿ ರಿಯಾಯಿತಿ ಇಲ್ಲ. ಆದರೂ ಲೆಕ್ಕ ಕೇಳುವ ದಿನ ಬಂದೇ ಬರುತ್ತದೆಂದು ಅವನು ನಂಬಿದ, ಕೈಯಲ್ಲಿ ಅಧಿಕಾರವಿದ್ದಷ್ಟು ಹೊತ್ತಿನಲ್ಲೇ ಅದನ್ನು ಬೇರೆಯವರ ಹೊರೆ ಇಳಿಸಲು ಬಳಸಿದ. ಬೆಳಕಿನ ಮಕ್ಕಳಿಗಿಂತ ಲೋಕದ ಮಕ್ಕಳು ಚುರುಕು ಎಂದು ಸ್ವಾಮಿ ಹೇಳಿದ್ದು ಈ ಕಾರಣಕ್ಕೆ. ಆ ಮಾತು ನಮ್ಮ ಸಭೆಗಳಿಗೆ ಇಂದಿಗೂ ತಟ್ಟುತ್ತದೆ.

ದೇವರ ಹಣ, ದೇವರೇ ನೋಡಿಕೊಳ್ಳುತ್ತಾನೆ, ಲೆಕ್ಕ ಕೇಳುವುದು ಅಪನಂಬಿಕೆ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅಂಥವರು 2ನೇ ಕೊರಿಂಥದ 8ನೇ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲನು ಹಲವು ಸಭೆಗಳಿಂದ ಹಣ ಕೂಡಿಸುತ್ತಿದ್ದ ಕಾಲವದು. ಅಪೊಸ್ತಲನ ಮೇಲೆ ಯಾರಿಗೆ ಸಂಶಯ? ಆದರೂ ಅವನು ತೀತನನ್ನು ಒಬ್ಬನನ್ನೇ ಕಳಿಸಲಿಲ್ಲ. ಸಭೆಗಳವರೇ ಆರಿಸಿದ ಇನ್ನೊಬ್ಬ ಸಹೋದರನನ್ನು ಜೊತೆಗೆ ಕಳಿಸಿದ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ವ್ಯವಹಾರ ಸರಿಯಾಗಿ ಕಾಣಬೇಕು ಎಂದು ಕಾರಣವನ್ನೂ ಬರೆದ. ವೋಚರಿಗೆ ಎರಡು ಸಹಿ ಬೇಕೆಂದು ಪಟ್ಟು ಹಿಡಿಯುವ ಖಜಾಂಚಿ ಪೌಲನ ದಾರಿಯಲ್ಲಿದ್ದಾನೆ.

ಜಾನ್ ವೆಸ್ಲಿ 1760ರಲ್ಲಿ ಪ್ರಕಟಿಸಿದ ಹಣದ ಬಳಕೆಯ ಕುರಿತಾದ ಪ್ರಸಂಗ ಲೂಕನ ಇದೇ 16ನೇ ಅಧ್ಯಾಯವನ್ನು ಆಧರಿಸಿದೆ. ವೆಸ್ಲಿಯನ್ ಮಿಷನ್ ಮೈಸೂರು ಸೀಮೆಯಲ್ಲಿ ದುಡಿದು, 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿತು. ಆದ್ದರಿಂದ ಆತ ನಮಗೆ ಪರಕೀಯನಲ್ಲ. ಆದಷ್ಟು ಸಂಪಾದಿಸು, ಆದಷ್ಟು ಉಳಿಸು, ಆದಷ್ಟು ಕೊಡು ಎಂಬುದು ಆ ಪ್ರಸಂಗದ ಸಾರ. ನೆರೆಯವನ ಆರೋಗ್ಯ ಕೆಡಿಸಿ ಸಂಪಾದಿಸಬಾರದೆಂದು ಹೆಂಡ ಮಾರುವವರನ್ನು ಹೆಸರಿಸಿಯೇ ಖಂಡಿಸಿದ. ನಮ್ಮವರು ಮೊದಲ ಎರಡನ್ನು ಚೆನ್ನಾಗಿ ಕಲಿತಿದ್ದಾರೆ. ಮೂರನೆಯದು ಬಂದಾಗ ಕೈ ಬಿಗಿಯಾಗುತ್ತದೆ.

ಕೊಡುವುದೆಂದರೆ ಕಾಸು ಮಾತ್ರವಲ್ಲ, ಕಸುಬು ಕೊಡುವುದೂ ಹೌದು. ಕರಾವಳಿಯವರಿಗೆ ಬಾಸೆಲ್ ಮಿಷನ್ನಿನ ಕಥೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದವರು ಬೇಗನೆ ಒಂದು ಕಷ್ಟ ಕಂಡರು: ವಿಶ್ವಾಸಕ್ಕೆ ಬಂದವರನ್ನು ಮನೆಯವರು ಹೊರಹಾಕಿದರು, ಒಕ್ಕಲು ಹೋಯಿತು, ಕುಲಕಸುಬು ತಪ್ಪಿತು. ಊಟಕ್ಕಿಲ್ಲದವನಿಗೆ ಬರೀ ಪ್ರಾರ್ಥನೆ ಹೇಳಿಕೊಟ್ಟರೆ ಸಾಲದು. 1841ರಲ್ಲಿ ಅಚ್ಚುಕೂಟ ಬಂತು, ಮುಂದೆ ಮಗ್ಗಗಳು ಬಂದವು, 1865ರಲ್ಲಿ ಹೆಂಚಿನ ಕಾರ್ಖಾನೆ ಎದ್ದಿತು. ಮಿಷನ್ ವ್ಯಾಪಾರಕ್ಕೆ ಇಳಿಯಬಹುದೇ ಎಂಬ ಚರ್ಚೆ ಅವರೊಳಗೇ ಇತ್ತು. ಆ ಚರ್ಚೆ ನ್ಯಾಯವಾದದ್ದೇ. ಮೊದಲ ಮಹಾಯುದ್ಧದ ಬಳಿಕ ಆ ಉದ್ಯಮಗಳು ಮಿಷನ್ನಿನ ಕೈತಪ್ಪಿದವು. ಕೆಲಸ ಕಲಿತವರ ಕೈಯಲ್ಲಿ ಕಸುಬು ಮಾತ್ರ ಉಳಿಯಿತು.

ಕೊಡುವುದು ಶ್ರೀಮಂತರಿಗೆ ಮಾತ್ರ ಸಾಧ್ಯ ಎನ್ನುವವರು ಮಿಜೋರಾಮಿನ ಸಭೆಗಳನ್ನು ನೋಡಲಿ. ಅಲ್ಲಿನ ಹೆಂಗಸರು ಪ್ರತಿ ಹೊತ್ತಿನ ಅಡುಗೆಗೆ ಮುನ್ನ ಒಂದು ಹಿಡಿ ಅಕ್ಕಿಯನ್ನು ಸುವಾರ್ತೆಯ ಕೆಲಸಕ್ಕೆ ತೆಗೆದಿಡುವ ಪದ್ಧತಿ 1910ರಿಂದ ನಡೆದುಬಂದಿದೆ.

ನಮ್ಮಲ್ಲೂ ಅಂಥ ಕಾಣಿಕೆ ಇದೆ. ಆರಾಧನೆ ಮುಗಿದ ಮೇಲೆ ಒಳಕೋಣೆಯ ಮೇಜಿನ ಮೇಲೆ ಕಾಣಿಕೆ ಚೀಲ ಸುರಿಯುವವರು ನೀವು. ನಾಲ್ಕು ಮಡಿಕೆ ಮಾಡಿದ ಹತ್ತರ ನೋಟು, ಸೀರೆಯ ಸೆರಗಿನಲ್ಲಿ ಕಟ್ಟಿಟ್ಟು ಬೆವರಿನಿಂದ ಮೆತ್ತಗಾದ ಇಪ್ಪತ್ತರ ನೋಟು, ಮೇಲೆ ಪೆನ್ಸಿಲಿನಲ್ಲಿ ಮಗನ ಹೆಸರು ಬರೆದು, ಕೆಲಸ ಸಿಕ್ಕಿದ್ದಕ್ಕೆ ಸ್ತೋತ್ರ ಎಂದು ಸೇರಿಸಿದ ಲಕೋಟೆ ನಿಮ್ಮ ಕೈಯಲ್ಲೇ ಬಿಚ್ಚಿಕೊಳ್ಳುತ್ತವೆ. ಆ ಹಣ ಕೊಟ್ಟವಳು ಎಷ್ಟು ದಿನ ಗದ್ದೆಯಲ್ಲಿ ಬಗ್ಗಿರಬೇಕೆಂದು ಎಣಿಸುವವರಿಗೆ ಗೊತ್ತು. ಅದರ ಒಂದು ರೂಪಾಯಿ ಹಾದಿ ತಪ್ಪಿದರೂ ನನಗೆ ಸಂಕಟವಾಗುತ್ತದೆ, ಕೋಪವೂ ಬರುತ್ತದೆ.

ಕದಿಯದೆ ಇದ್ದರೆ ಸಾಕೆಂದು ತಿಳಿಯಬೇಡಿ. ಮತ್ತಾಯನ 25ನೇ ಅಧ್ಯಾಯದ ಮೂರನೆಯ ಆಳು ಒಂದು ಕಾಸನ್ನೂ ಕದಿಯಲಿಲ್ಲ. ಧಣಿ ಒಪ್ಪಿಸಿದ ತಲಾಂತನ್ನು ಹೂತಿಟ್ಟು ಹಾಗೇ ಹಿಂದಿರುಗಿಸಿದ. ಅವನಿಗೆ ತೀರ್ಪು ಕಠಿಣವಾಗಿತ್ತು. ಖಾತೆ ಬದಲಾಗದೆ ಬಿದ್ದಿರುವ ಸಭೆಯ ಜಮೀನುಗಳು, ಬೀಗ ಬಿದ್ದ ಹಾಸ್ಟೆಲುಗಳು, ಯಾವ ಉದ್ದೇಶಕ್ಕೆಂದು ಯಾರಿಗೂ ನೆನಪಿಲ್ಲದ ಠೇವಣಿಗಳು ನಮ್ಮ ಹೂತಿಟ್ಟ ತಲಾಂತುಗಳು.

ಅದೇ ಹೊತ್ತಿಗೆ ನಮ್ಮ ಕಾಂಪೌಂಡಿನ ಆಚೆ ಸಾಲ ಜನರ ಕುತ್ತಿಗೆ ಹಿಸುಕುತ್ತಿದೆ. ಕಿರುಸಾಲದ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಸಾಲಪತ್ರದಲ್ಲಿ 100 ಇದ್ದದ್ದು 50 ಆದಾಗ ಒಂದು ಮನೆಗೆ ಎಷ್ಟು ಉಸಿರು ಬರುತ್ತದೆಂದು ಆ ಮನೆಯವರನ್ನೇ ಕೇಳಿ. ಪಾರುಪತ್ಯಗಾರ ಅದನ್ನು ಧಣಿಯ ಹಣದಿಂದ, ತನ್ನ ಸ್ವಾರ್ಥಕ್ಕಾಗಿ ಮಾಡಿದ. ನಮ್ಮ ಧಣಿಯಾದರೋ ಅದನ್ನು ಮಾಡಿರೆಂದು ತಾನೇ ಅಪ್ಪಣೆ ಕೊಟ್ಟಿದ್ದಾನೆ.

ಆದ್ದರಿಂದ ಈ ಸಮ್ಮೇಳನ ಒಂದು ಠರಾವು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಬರುವ ಸುಗ್ಗಿ ಹಬ್ಬದೊಳಗೆ ಪ್ರತಿ ಸಭೆಯ ಆದಾಯ, ಖರ್ಚು ಮತ್ತು ಸರ್ವೆ ನಂಬರು ಸಮೇತ ಆಸ್ತಿಯ ವಿವರ ದೇವಾಲಯದ ಬಾಗಿಲ ಬಳಿಯ ಫಲಕದಲ್ಲಿ ಕನ್ನಡದಲ್ಲಿ ಹಚ್ಚಿರಲಿ. ಹಬ್ಬದ ಹರಾಜಿನಲ್ಲಿ ಬಂದ ಹಣದಲ್ಲಿ ಒಂದು ಪಾಲು, ನಮ್ಮ ಸಭೆಯವರಾಗಲಿ ಅಲ್ಲದಿರಲಿ, ಸಾಲದಲ್ಲಿ ಸಿಕ್ಕಿಬಿದ್ದ ಒಂದು ಮನೆಯ ಹೊರೆ ಇಳಿಸಲು ಹೋಗಲಿ. ಇದಕ್ಕೆ ನೀವೆಲ್ಲರೂ ಕೈಯೆತ್ತಿ ಒಪ್ಪಿಗೆ ಕೊಡಿ.