ಬಂದರುಕಟ್ಟೆಯ ಹಾಡು

ನಾಲ್ಕನೇ ಶತಮಾನದ ಕಾನ್‌ಸ್ಟಾಂಟಿನೋಪಲ್ಲಿಗೆ, ಅಂದರೆ ಇವತ್ತಿನ ಇಸ್ತಾಂಬುಲ್ಲಿಗೆ ಹೋಗೋಣ ಬನ್ನಿ. ಅಲ್ಲೊಂದು ರೊಟ್ಟಿ ಅಂಗಡಿ. ರೊಟ್ಟಿಗೆ ಎಷ್ಟಪ್ಪಾ ಅಂದರೆ ಅಂಗಡಿಯವನು, ತಂದೆ ದೊಡ್ಡವನು, ಮಗ ಅವನಿಗಿಂತ ಕಡಿಮೆ ಅಂತಾನೆ. ಸ್ನಾನದ ಮನೆಯಲ್ಲಿ ನೀರು ಕಾದಿದೆಯಾ ಅಂದರೆ, ಮಗ ಶೂನ್ಯದಿಂದ ಬಂದವನು ಅನ್ನುವ ಉತ್ತರ! ನಾನು ಕಟ್ಟಿದ ಕತೆಯಲ್ಲ ಇದು. ನಿಸ್ಸಾದ ಗ್ರೆಗೊರಿ ಎಂಬ ಬಿಷಪ್ ಉಪದೇಶ ಮಾಡುವಾಗ ಬೇಸತ್ತು ಹೇಳಿಕೊಂಡದ್ದು.

ತಂದೆಯಾದ ದೇವರಿಗೆ ಮಗನಾದ ಯೇಸು ಸಮನೋ ಅಲ್ಲವೋ ಎನ್ನುವ ಈ ಜಗಳ ಹೊತ್ತಿಕೊಂಡದ್ದು ಅದಕ್ಕೂ ಅರವತ್ತು ಚಿಲ್ಲರೆ ವರ್ಷ ಹಿಂದೆ, ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನಲ್ಲಿ. ಅಲ್ಲಿದ್ದ ಅರಿಯಸ್ ಎಂಬ ಪಾದ್ರಿಯ ಮೇಲೆ ನನಗೆ ಬಹಳ ವರ್ಷಗಳಿಂದ ಒಂದು ಥರದ ಮೋಹ. ಎತ್ತರದ ಆಳು, ತಗ್ಗಿದ ಮುಖ, ತೋಳಿಲ್ಲದ ಅಂಗಿ, ಮಾತು ಮಾತ್ರ ಜೇನು. ಹೀಗೆ ಬಣ್ಣಿಸಿದವರೂ ಅವನ ವಿರೋಧಿಗಳೇ! ಅವನ ತಕರಾರು ಸರಳ: ದೇವರು ಒಬ್ಬನೇ ತಾನೇ? ತಂದೆಯಿಂದ ಮಗ ಹುಟ್ಟಿದ ಅಂದಮೇಲೆ ಮಗ ಇಲ್ಲದ ಒಂದು ಹೊತ್ತು ಇದ್ದಿರಲೇಬೇಕು. ಹಾಗಾಗಿ ಯೇಸು ಎಲ್ಲ ಸೃಷ್ಟಿಗಿಂತ ಮೇಲು, ಆದರೆ ಸೃಷ್ಟಿಯೇ. ಅವನ ಬಿಷಪ್ ಅಲೆಕ್ಸಾಂಡರ್ ಕೆಂಡವಾದ. ತಂದೆ ಎಂದಿನಿಂದ ಇದ್ದಾನೋ ಮಗನೂ ಅಂದಿನಿಂದಲೇ. ಇಲ್ಲವಾದರೆ ನಾವೆಲ್ಲ ಇಷ್ಟು ದಿನ ಸೃಷ್ಟಿಯಾದ ವಸ್ತುವಿಗೆ ಅಡ್ಡಬಿದ್ದಂತಾಗಲಿಲ್ಲವೇ ಎನ್ನುವುದು ಆ ಪಕ್ಷದ ಪ್ರಶ್ನೆ. ಅದೂ ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ ನೋಡಿ.

ಅರಿಯಸ್ ಆಗ ಮಾಡಿದ ಕೆಲಸ ನನಗೆ ಬಲು ಇಷ್ಟ. ತನ್ನ ವಾದವನ್ನು ಪದ ಕಟ್ಟಿದ. ಹಡಗಿನವರಿಗೊಂದು, ದಾರಿಹೋಕರಿಗೊಂದು, ಹಿಟ್ಟು ಬೀಸುವವರಿಗೊಂದು. ನಮ್ಮ ಅಜ್ಜಿಯಂದಿರ ಬೀಸುವ ಪದ ಕೇಳಿದವರಿಗೆ ಗೊತ್ತು, ಬೀಸುಕಲ್ಲಿನ ಜೊತೆ ತಿರುಗಿದ ಮಾತು ಮರೆತುಹೋಗುವುದಿಲ್ಲ.

ಸಾಮ್ರಾಟ ಕಾನ್‌ಸ್ಟಂಟೈನನಿಗೆ ಇದೆಲ್ಲ ತಲೆನೋವು. ಇಷ್ಟು ಸಣ್ಣ ವಿಷಯಕ್ಕೆ ಕಿತ್ತಾಡುತ್ತೀರಾ ಅಂತ ಇಬ್ಬರಿಗೂ ಪತ್ರ ಬರೆದ. ಯಾರೂ ಕೇಳಲಿಲ್ಲ. 325ರಲ್ಲಿ ಇವತ್ತಿನ ತುರ್ಕಿಯ ಇಜ್ನಿಕ್‌ಗೆ, ಆಗಿನ ನೈಸೀಯಾಕ್ಕೆ, ಬಿಷಪ್‌ಗಳನ್ನೆಲ್ಲ ಸರ್ಕಾರಿ ಗಾಡಿಯಲ್ಲೇ ಕರೆಸಿದ. ಬಂದವರು 318 ಮಂದಿ ಎಂದು ಪರಂಪರೆಯ ಲೆಕ್ಕ. ಕೆಲವರ ಮೈಮೇಲೆ ಹಿಂದಿನ ಸಾಮ್ರಾಟರು ಕೊಟ್ಟ ಚಿತ್ರಹಿಂಸೆಯ ಗುರುತು ಇನ್ನೂ ಇತ್ತು. ಅವರ ನಡುವೆ ಈ ಸಾಮ್ರಾಟ ಚಿನ್ನದ ಕಸೂತಿಯ ನೇರಳೆ ನಿಲುವಂಗಿ ತೊಟ್ಟು ನಡೆದು ಬಂದ. ಆ ಗಳಿಗೆ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಕ್ರಿಸ್ಮಸ್ ತಾತನ ಮೂಲಪುರುಷ ಸಂತ ನಿಕೊಲಾಸ್ ಅಲ್ಲೇ ಅರಿಯಸ್ಸಿನ ಕೆನ್ನೆಗೆ ಬಾರಿಸಿದ ಅಂತಾರಲ್ಲ, ಅದು ಎಷ್ಟೋ ಶತಮಾನ ಕಳೆದ ಮೇಲೆ ಹುಟ್ಟಿದ ಕತೆ.

ಸಭೆ ಕೊನೆಗೆ ಹಿಡಿದದ್ದು ಒಂದು ಗ್ರೀಕ್ ಪದ, ‘ಹೊಮೊಊಸಿಯೋಸ್’. ತಂದೆಯೂ ಮಗನೂ ಒಂದೇ ಸತ್ವ ಎಂದರ್ಥ. ಆ ಪದ ಬೈಬಲ್ಲಿನಲ್ಲಿ ಎಲ್ಲೂ ಇಲ್ಲವಲ್ಲ ಅಂತ ಹಲವರಿಗೆ ಕಸಿವಿಸಿ. ಆದರೂ ಇಬ್ಬರ ಹೊರತು ಎಲ್ಲರೂ ಒಪ್ಪಿದರು. ಆ ಇಬ್ಬರ ಜೊತೆ ಅರಿಯಸ್ ಗಡೀಪಾರಾದ. ಮುಂದೆ ಮಧ್ಯಸ್ಥಿಕೆಯವರು ನಡುವೆ ಒಂದು ‘ಇ’ ಸೇರಿಸಿ ‘ಹೊಮೊಇಊಸಿಯೋಸ್’, ಅಂದರೆ ಹೋಲುವ ಸತ್ವ, ಅಂದರು. ಕನ್ನಡದಲ್ಲಾದರೆ ಒಂದು ಗುಡಿಸು ಹಾಕಿದಷ್ಟು. ಅಷ್ಟಕ್ಕೇ ಮತ್ತೆ ಸಭೆಗಳು, ಶಾಪಗಳು. ಅಲೆಕ್ಸಾಂಡರನ ನಂತರ ಬಿಷಪ್ ಆದ ಅಥನೇಸಿಯಸ್ ಐದು ಸಲ ಊರು ಬಿಟ್ಟು, ಹದಿನೇಳು ವರ್ಷ ಹೊರಗೇ ಕಳೆದ. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಸಭೆ ಮೊದಲಿನ ಮಾತನ್ನೇ ಗಟ್ಟಿ ಮಾಡಿತು.

ವಾದವೇನೂ ಅಲ್ಲಿಗೆ ಮುಗಿಯಲಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎನ್ನುವ ತ್ರಿತ್ವವನ್ನು ಒಪ್ಪದ ಮೈಕೆಲ್ ಸರ್ವೀಟಸ್‌ನನ್ನು 1553ರಲ್ಲಿ ಜಿನೀವಾದಲ್ಲಿ ಜೀವಂತ ಸುಟ್ಟರು. ನ್ಯೂಟನ್ ತನ್ನ ಅನುಮಾನವನ್ನು ಕಾಗದದಲ್ಲೇ ಬಚ್ಚಿಟ್ಟ. ನಮ್ಮ ದೇಶದಲ್ಲೂ ನಡೆಯಿತು: ಕಲ್ಕತ್ತೆಯಲ್ಲಿ ರಾಮಮೋಹನ ರಾಯರ ಜೊತೆ ಸುವಾರ್ತೆ ಅನುವಾದಿಸಲು ಕೂತ ಮಿಷನರಿ ವಿಲಿಯಂ ಆಡಮ್, 1821ರಲ್ಲಿ ತಾನೇ ರಾಯರ ಏಕದೇವವಾದಕ್ಕೆ ವಾಲಿಬಿಟ್ಟ!

ಅರಿಯಸ್ ಏನಾದ? 336ರಲ್ಲಿ ಅವನನ್ನು ಮತ್ತೆ ಚರ್ಚಿಗೆ ಸೇರಿಸಿಕೊಳ್ಳುವ ಹಿಂದಿನ ದಿನ, ಕಾನ್‌ಸ್ಟಾಂಟಿನೋಪಲ್ಲಿನ ಸಾರ್ವಜನಿಕ ಶೌಚಾಲಯದಲ್ಲಿ ಕುಸಿದು ಸತ್ತ. ವಿರೋಧಿಗಳು ಅದನ್ನು ಚಪ್ಪರಿಸಿ ಬರೆದಿದ್ದಾರೆ. ಅವನ ಪುಸ್ತಕ ಕಂಡಲ್ಲಿ ಸುಡಬೇಕು, ಬಚ್ಚಿಟ್ಟವನ ತಲೆ ತೆಗೆಯಬೇಕು ಎಂದು ಸಾಮ್ರಾಟ ಮೊದಲೇ ಅಪ್ಪಣೆ ಹೊರಡಿಸಿದ್ದ. ಹಾಗಾಗಿ ಅವನ ‘ಥಾಲಿಯಾ’ ಕಾವ್ಯದ ಪ್ರತಿ ಒಂದೂ ಉಳಿಯಲಿಲ್ಲ. ಕೆಲವು ಸಾಲು ಸಿಗುವುದು ಅಥನೇಸಿಯಸ್‌ನ ಪುಸ್ತಕದಲ್ಲಿ ಮಾತ್ರ. ಖಂಡಿಸಬೇಕಲ್ಲ, ಅದಕ್ಕೆ ಸಾಲು ಸಾಲೇ ಎತ್ತಿ ಬರೆದುಕೊಂಡಿದ್ದಾನೆ, ಇದು ಕುಡುಕರ ಧಾಟಿ ಅಂತ ಬೈಯುತ್ತಲೇ. ಆ ಧಾಟಿ ಹೇಗಿತ್ತೋ ಒಮ್ಮೆ ಕೇಳಬೇಕಿತ್ತು ಅಂತ ನನ್ನ ಆಸೆ. ಅದನ್ನು ಮಾತ್ರ ಅವನು ಬರೆದಿಡಲಿಲ್ಲ.