ಗಂಡಸರ ಕಾಯಿಲೆ ಎಂದು ಸುಮ್ಮನಿರಬೇಡಿ
(ಬೋರನಕಣಿವೆಯಲ್ಲಿ ನಡೆದ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಯಜಮಾನರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಡಾಕ್ಟರು ಹೇಳಿದ ಮೇಲೆ, "ಪಥ್ಯದಲ್ಲೇ ವಾಸಿ ಮಾಡ್ತೀವಿ ಅಂತ ಪುಡಿ ಕೊಡ್ತಾರೆ ಸಿಸ್ಟರ್, ಸಂಘದಿಂದ ಸಾಲ ತಗೋಬಹುದಾ?" ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಇಂದು ಆ ವಿಷಯವನ್ನೇ ಮಾತನಾಡೋಣ.

ಪ್ರಾಸ್ಟೇಟ್ ಎಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಒಂದು ಸಣ್ಣ ಗ್ರಂಥಿ. ಅಲ್ಲಿ ಕ್ಯಾನ್ಸರ್ ಬೆಳೆಯಲು ಗಂಡಸಿನ ಹಾರ್ಮೋನೇ ಗೊಬ್ಬರ. ಇದನ್ನು 1941ರಲ್ಲಿ ಅಮೆರಿಕದ ಶಿಕಾಗೊದಲ್ಲಿದ್ದ ಡಾ. ಚಾರ್ಲ್ಸ್ ಹಗಿನ್ಸ್ ತೋರಿಸಿಕೊಟ್ಟರು; 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಕೆರೆಯ ತೂಬು ಮುಚ್ಚಿದರೆ ಕೆಳಗಿನ ಗದ್ದೆಗೆ ನೀರು ನಿಲ್ಲುತ್ತದಲ್ಲ, ಹಾಗೆ ಬೀಜ ತೆಗೆಯುವ ಆಪರೇಷನ್, ಇಲ್ಲವೇ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಈ ಹಾರ್ಮೋನನ್ನು ತಡೆಯುತ್ತದೆ. ಇಂಜೆಕ್ಷನ್ ಬಿಟ್ಟರೆ ತೂಬು ಮತ್ತೆ ತೆರೆದಂತೆ. ಕೆಲವರಲ್ಲಿ ತೂಬು ಮುಚ್ಚಿದ್ರೂ ನೀರು ಜಿನುಗುತ್ತೆ. ಮೂತ್ರಪಿಂಡದ ಮೇಲಿನ ಗ್ರಂಥಿಯೂ ಕ್ಯಾನ್ಸರ್ ಗಡ್ಡೆಯೂ ಸ್ವಲ್ಪ ಹಾರ್ಮೋನು ತಯಾರಿಸುತ್ತವೆ. ಅದನ್ನು ನಿಲ್ಲಿಸಲು ಅಬಿರಾಟೆರೋನ್ ಎಂಬ ಮಾತ್ರೆ ಇದೆ.

ಇನ್ನು ಊಟದ ಮಾತು. ಈ ಕ್ಯಾನ್ಸರ್ ಬಾರದಂತೆ ತಡೆಯಬಹುದೇ ಎಂದು ನೋಡಲು 2001ರಿಂದ ಅಮೆರಿಕ, ಕೆನಡಾಗಳಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ ಸೆಲೆನಿಯಂ ಮತ್ತು ವಿಟಮಿನ್ ಇ ಮಾತ್ರೆಗಳನ್ನು ಪರೀಕ್ಷಿಸಿದರು. 2011ರಲ್ಲಿ ನೋಡಿದರೆ, ವಿಟಮಿನ್ ಇ ಮಾತ್ರ ತಿಂದವರಲ್ಲಿ ಕ್ಯಾನ್ಸರ್ ಶೇ. 17ರಷ್ಟು ಜಾಸ್ತಿಯಾಗಿತ್ತು! ಒಳ್ಳೇದು ಅಂತ ನುಂಗಿದ್ದೇ ಕೆಟ್ಟದ್ದಾಯ್ತು. ಇನ್ನೊಂದು ಪರೀಕ್ಷೆಯಲ್ಲಿ, ನಿಧಾನವಾಗಿ ಬೆಳೆಯುವ ಕ್ಯಾನ್ಸರ್ ಇದ್ದ 478 ಜನರಲ್ಲಿ ಅರ್ಧದಷ್ಟು ಜನರಿಗೆ ಎರಡು ವರ್ಷ ಹೆಚ್ಚು ತರಕಾರಿ ತಿನ್ನಲು ಕಲಿಸಿದರು. ಅವರು ತಿಂದರು ಕೂಡ. ಆದರೆ ಕ್ಯಾನ್ಸರ್ ಬೆಳೆಯುವುದು ನಿಧಾನವಾಗಲಿಲ್ಲ ಎಂದು 2020ರಲ್ಲಿ ತಿಳಿಯಿತು. 2024ರಲ್ಲಿ ಕ್ಯಾಲಿಫೋರ್ನಿಯಾದ 100 ರೋಗಿಗಳ ಪರೀಕ್ಷೆಯಲ್ಲಿ, ಮೀನೆಣ್ಣೆ ತೆಗೆದುಕೊಂಡು ಕರಿದ ತಿಂಡಿ ಕಡಿಮೆ ಮಾಡಿದವರಲ್ಲಿ ಕ್ಯಾನ್ಸರ್ ಕಣಗಳು ಹೆಚ್ಚುವ ವೇಗ ತಗ್ಗಿತು. ಸಂತೋಷವೇ. ಆದರೆ ನೂರು ಜನರ ಒಂದು ವರ್ಷದ ಪರೀಕ್ಷೆ ನಂಬಿ ಚಿಕಿತ್ಸೆ ಬಿಡೋಕಾಗಲ್ಲ.

ಆದ್ದರಿಂದ ಪುಡಿಗೆ ಸಾಲ ಬೇಡ. ಆಸ್ಪತ್ರೆಗೆ ಹೋಗಿಬರುವ ಬಸ್ ಚಾರ್ಜಿಗೆ ಕೇಳಿದರೆ ಅದೇ ದಿನ ಕೊಡಿ.

ಹಾಗಾದ್ರೆ ಊಟ ಬೇಡ್ವಾ? ಬೇಕು. ಹಾರ್ಮೋನು ನಿಲ್ಲಿಸಿದಾಗ ಮೂಳೆ ಸವೆಯುತ್ತದೆ, ತೂಕವೂ ಸಕ್ಕರೆಯೂ ಏರಬಹುದು. ನಮ್ಮ ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು, ದಿನಾ ನಡಿಗೆ ಅಲ್ಲಿ ನೆರವಾಗುತ್ತವೆ. ಬೀಡಿ ಬಿಡಿಸಿ.

ಗಂಡಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ರಾತ್ರಿ ಪದೇ ಪದೇ ಏಳುವುದು, ಮೂತ್ರ ಕಟ್ಟುವುದು ನಿಮಗೇ ಮೊದಲು ಗೊತ್ತಾಗುತ್ತದೆ. ಬಹಳ ಸಲ ಅದು ವಯಸ್ಸಿಗೆ ಗ್ರಂಥಿ ಊದಿರುವುದಷ್ಟೇ, ಕ್ಯಾನ್ಸರ್ ಅಲ್ಲ. ಆದರೂ ತೋರಿಸಬೇಕು. ಮೂತ್ರದಲ್ಲಿ ರಕ್ತ ಬಂದರೆ, ಬಿಡದ ಸೊಂಟನೋವಿದ್ದರೆ ತಡಮಾಡಬೇಡಿ. ಪಿ.ಎಸ್.ಎ. ಎಂಬ ರಕ್ತ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ. ಬಿ.ಪಿ.ಎಲ್. ಕಾರ್ಡು, ಆಧಾರ್ ಎರಡನ್ನೂ ಕೈಯಲ್ಲಿಟ್ಟುಕೊಂಡು ಮೊದಲು ತಾಲ್ಲೂಕು ಸರ್ಕಾರಿ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ಕಿದ್ವಾಯಿಗೆ ಹೋಗಬೇಕಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾದ ಪತ್ರವನ್ನು ಅಲ್ಲಿಂದಲೇ ಕೇಳಿ ಪಡೆಯಿರಿ.